ಮಾರ್ಟಿನ್ ಹಬ್ಬದ ಮಧ್ಯಾಹ್ನದವರೆಗೆ

ಆಲ್ವೆರ್ಡರ್ ಕೋಟೆ
೯ ಅಕ್ಟೋಬರ್ ೧೭೬೦

ಪ್ರೀತಿಯ ಅಕ್ಕ ಸಿಡೋನಿಯಳಿಗೆ, ತಮ್ಮ ಲೆವಿನ್ ಮಾಡುವ ವಂದನೆಗಳು.

ಸ್ವೀಡರು ನಮ್ಮನ್ನು ಮುತ್ತಿ ಇಂದಿಗೆ ಮೂರು ದಿನಗಳಾದವು. ಡಾರ್ಗೆಲೊದ ನಮ್ಮ ಮನೆ ಇಲ್ಲಿಗೆ ಬರಿಯ ಮೂರು ಹರದಾರಿ. ಫಿರಂಗಿಯ ಸದ್ದು ನಿನ್ನ ಹಾಲಿನ ಪಾತ್ರೆಗಳನ್ನು ಆಗಲೇ ನಡುಗಿಸಿರಬೇಕು. ಹೆದರಬೇಡ. ಅವರ ದಂಡನಾಯಕ ಕರ್ನಲ್ ಗ್ರೋನ್‌ಹೆಲ್ಮ್ ಸಭ್ಯ ಮನುಷ್ಯ. ಮೊದಲ ದಿನವೇ ಬಿಳಿಯ ಬಾವುಟದೊಡನೆ ಒಂದು ಬುಟ್ಟಿ ಸೇಬನ್ನು ಕಳುಹಿಸಿ, ಮನೆಯವರಿಗೆ ಪತ್ರ ಬರೆಯುವುದಿದ್ದರೆ ಮೊಹರು ಹಾಕದೆ ಕೊಡಬಹುದು, ತಾನು ಓದಿ ಮುಂದಕ್ಕೆ ಸಾಗಿಸುವೆನು ಎಂದು ಹೇಳಿಸಿದ. ಆದುದರಿಂದ ಈ ಸಾಲುಗಳನ್ನು ನಿನಗಿಂತ ಮೊದಲು ಆತ ಓದುತ್ತಾನೆ. ಕರ್ನಲರಿಗೆ ನಮಸ್ಕಾರ, ಸೇಬು ಸ್ವಲ್ಪ ಹುಳಿ.

ನನ್ನ ಪಡೆಯ ವಿಚಾರ ನಿನಗೆ ಗೊತ್ತೇ ಇದೆ. ಯುದ್ಧಕ್ಕೆ ಬಾರದವರೆಂದು ಬೇರೆ ದಳಗಳು ಕೈಬಿಟ್ಟ ನೂರ ನಲವತ್ತು ಮುದುಕರು. ತಲೆಗಳು ನೂರ ನಲವತ್ತು, ಕಾಲುಗಳು ಇನ್ನೂರ ಅರವತ್ತೊಂದು. ಆದರೂ ಸಾರ್ಜೆಂಟ್ ಮಾಟ್ಸ್ಕೆ ಅವರನ್ನು ಬೆಳಿಗ್ಗೆ ಸಾಲುಗಟ್ಟಿ ನಿಲ್ಲಿಸಿದಾಗ ನೋಡಬೇಕು. ನೆನ್ನೆ ಒಬ್ಬನಿಗೆ ಗದರಿದ: “ಲೋ, ನೆಟ್ಟಗ್ ನಿಂತ್ಕೊಳೋ! ಒಂದೇ ಕಾಲಿರೋನು ಎಡಗಾಲು ಮುಂದಿಡೋದೋ ಬಲಗಾಲು ಮುಂದಿಡೋದೋ ಅಂತ ಯಾಕೋ ಯೋಚ್ನೆ ಮಾಡ್ತೀಯ?” ಊಟಕ್ಕೆ ಕೊರತೆಯಿಲ್ಲ. ಕರಿರೊಟ್ಟಿ ಕಣಜದ ತುಂಬ ಇದೆ. ಗೋಡೆ ಭದ್ರವಾಗಿದೆ. ನಾನು ಸ್ವಲ್ಪ ದಪ್ಪವಾಗಿದ್ದೇನೆಂದರೂ ತಪ್ಪಿಲ್ಲ.

ಇನ್ನೊಂದು ಮಾತನ್ನು ಕರ್ನಲರು ಓದಲೆಂದೇ ಬರೆಯುತ್ತೇನೆ. ಹೋದ ವರ್ಷ ಕ್ಲೆಂಪಿನ್ ಸೇತುವೆಯನ್ನು ಆಜ್ಞೆಯಿಲ್ಲದೆ ಬಿಟ್ಟು, ಇನ್ನೂರು ಜನರನ್ನು ಜೀವಸಹಿತ ಕರೆತಂದೆ. ಅದಕ್ಕಾಗಿ ನನ್ನ ದಳವನ್ನು ಕಸಿದುಕೊಂಡು, ‘ಮುದುಕರನ್ನು ಕಾಯಲಿ’ ಎಂದು ಇಲ್ಲಿಗೆ ಅಟ್ಟಿದರು. ಬೇರೊಬ್ಬ ಅಧಿಕಾರಿ ಕೋಟೆಯನ್ನು ಕಳೆದುಕೊಂಡರೆ ಅದು ದುರದೃಷ್ಟ. ನಾನು ಕಳೆದುಕೊಂಡರೆ ಅದು ಎರಡನೆಯ ಸಲ. ಸೇನೆಯ ನ್ಯಾಯಾಲಯದ ಮುಂದೆ ನನ್ನ ಕತ್ತಿಯನ್ನು ಮುರಿದು ಕಾಲಬುಡಕ್ಕೆ ಎಸೆಯುತ್ತಾರೆ. ಆದುದರಿಂದ ಕೋಟೆಯನ್ನು ಕೇಳುವ ಶ್ರಮವನ್ನು ಕರ್ನಲರು ತೆಗೆದುಕೊಳ್ಳದಿರಲಿ.

ನಿನ್ನ
ಲೆವಿನ್ ಫಾನ್ ಡಾರ್ಗೆಲೊ


ಡಾರ್ಗೆಲೊ
೧೪ ಅಕ್ಟೋಬರ್ ೧೭೬೦

ಲೆವಿನ್,

ಪತ್ರ ತಲುಪಿತು. ನೀನು ದಪ್ಪವಾಗಿರುವುದನ್ನು ತಿಳಿದು ಸಂತೋಷ. ಹೊಟ್ಟೆ ತುಂಬಿದವನಿಗೆ ಮನೆಯಿಂದ ಏನನ್ನೂ ಕಳುಹಿಸುವ ಅಗತ್ಯ ಕಾಣುವುದಿಲ್ಲ.

ಇಲ್ಲಿ ಎಲ್ಲವೂ ಎಂದಿನಂತಿದೆ. ಎಲೆಕೋಸನ್ನು ಕುಯ್ದು ಉಪ್ಪು ಹಾಕಿ ಪೀಪಾಯಿಗಳಿಗೆ ತುಂಬಿಸಿದ್ದಾಯಿತು. ಕೆಂಪು ಹಸು ಕರು ಹಾಕಿತು. ಮನೆ ಶಾಂತವಾಗಿದೆ.

ಸೇತುವೆಯ ಮಾತನ್ನು ನೀನೇ ಎತ್ತಿದ್ದರಿಂದ ಹೇಳುತ್ತೇನೆ. ಇನ್ನೂರು ಜನರ ಜೀವ ದೊಡ್ಡದೇ. ಅಲ್ಲವೆಂದು ನಾನು ಎಂದೂ ಹೇಳಿಲ್ಲ. ಆದರೆ ಅಂದಿನಿಂದ ಇಗರ್ಜಿಯಲ್ಲಿ ನಮ್ಮ ಮನೆತನದ ಸಾಲಿನ ಮುಂದೆ ಹಾದುಹೋಗುವವರು ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ. ತಂದೆಯವರು ಬದುಕಿದ್ದಾಗ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಈ ಸಲ ಕೋಟೆಯನ್ನು ಉಳಿಸಿಕೊ.

ಅಕ್ಕ
ಸಿಡೋನಿಯ


ಆಲ್ವೆರ್ಡರ್ ಕೋಟೆ
೧೫ ಅಕ್ಟೋಬರ್ ೧೭೬೦

ಅಕ್ಕಾ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಅದು ಒಂದೇ ಸಮನೆ ತಣ್ಣಗಿತ್ತು. ಕೆಂಪು ಹಸುವಿಗೂ ಕರುವಿಗೂ ನನ್ನ ಶುಭಾಶಯ ತಿಳಿಸು. ನಿನ್ನ ಪತ್ರದಲ್ಲಿ ಒಳ್ಳೆಯ ಮಾತು ಸಿಕ್ಕಿದ್ದು ಅವಕ್ಕೆ ಮಾತ್ರ.

ಕೋಟೆಯನ್ನು ಉಳಿಸಿಕೊಳ್ಳುತ್ತೇನೆ. ಅದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ನಾವು ಬೆಚ್ಚಗಿದ್ದೇವೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇವೆ.

ಒಂದು ವಿಷಯ ಮಾತ್ರ ವಿಚಿತ್ರವಾಗಿ ತೋರಿತು. ನೀನು ಹದಿನಾಲ್ಕರಂದು ಬರೆದ ಪತ್ರ ಹದಿನೈದರ ಬೆಳಿಗ್ಗೆ ನನ್ನ ಕೈಸೇರಿತು. ಶಾಂತಿಯ ಕಾಲದಲ್ಲಿ ನಮ್ಮ ಅಂಚೆಯವನು ಇಷ್ಟೇ ದೂರಕ್ಕೆ ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದ. ಶತ್ರುವಿನ ದೂತ ನಿನ್ನ ಹೊಸ್ತಿಲನ್ನು ಇಷ್ಟು ಬೇಗ ಕಂಡುಹಿಡಿದದ್ದು ಹೇಗೆ?

ಲೆವಿನ್


ಡಾರ್ಗೆಲೊ
೨೮ ಅಕ್ಟೋಬರ್ ೧೭೬೦

ತಮ್ಮಾ,

ನಿನ್ನ ಪ್ರಶ್ನೆಗೆ ಉತ್ತರ ಕೊಡದೆ ಎರಡು ವಾರ ಕಳೆದೆ. ಕರ್ನಲ್ ಗ್ರೋನ್‌ಹೆಲ್ಮ್ ಅಕ್ಟೋಬರ್ ನಾಲ್ಕರಿಂದ ನಮ್ಮ ಮನೆಯಲ್ಲಿಯೇ ಬೀಡುಬಿಟ್ಟಿದ್ದಾರೆ. ತಂದೆಯವರ ಕೋಣೆ ಅವರದು. ಅಂಗಳದಲ್ಲಿ ಅರವತ್ತು ಕುದುರೆಗಳು. ನಿನಗೆ ತಿಳಿಸಿದರೆ ನೀನು ಅಲ್ಲಿ ಗೋಡೆಯ ಮೇಲೆ ನಿಂತು ಈ ಕಡೆ ನೋಡುತ್ತಿರುವೆ ಎಂದು ಮರೆಮಾಚಿದೆ. ನನ್ನ ಪತ್ರಗಳನ್ನು ಆತ ಓದುವುದು ನನ್ನ ಎದುರಿಗೇ, ನನ್ನ ಮೇಜಿನ ಮೇಲೇ, ನನ್ನ ದೀಪದಲ್ಲೇ. ಇನ್ನೊಬ್ಬನು ಕನ್ನಡಕ ಒರೆಸಿಕೊಳ್ಳುತ್ತ ಕಾದಿರುವಾಗ ಅಕ್ಕರೆಯ ಮಾತನ್ನು ಬರೆಯಲು ನನಗೆ ಬರುವುದಿಲ್ಲ. ನಿನ್ನ ಅಕ್ಕ ತಣ್ಣಗಿರಲಿಲ್ಲ, ಲೆವಿನ್.

ಆದರೆ ಸುಳ್ಳು ಹೇಳಿದವಳು ನಾನೊಬ್ಬಳೇ ಅಲ್ಲ. ನೆನ್ನೆ ಊಟದ ಹೊತ್ತಿಗೆ ನಾನು, “ನಮ್ಮ ಹುಡುಗ ಅಲ್ಲಿ ಚೆನ್ನಾಗಿ ತಿಂದ್ಕೊಂಡು ದಪ್ಪ ಆಗಿದಾನಂತೆ, ನೀವು ವರ್ಷಗಟ್ಟಲೆ ಕಾಯ್ಬೇಕಾಗುತ್ತೆ” ಎಂದು ಕುಟುಕಿದೆ. ಕರ್ನಲರು ಚಮಚ ಕೆಳಗಿಟ್ಟರು.

“ಅಮ್ಮಣ್ಣಿಯವ್ರೆ, ನಿಮ್ಮ ತಮ್ಮ ಒಳ್ಳೆ ಅಧಿಕಾರಿ. ಆದ್ರೆ ಸುಳ್ಳು ಹೇಳೋದ್ರಲ್ಲಿ ದಡ್ಡ” ಎಂದರು.

“ನಮ್ಮ ಮನೇಲಿ ಯಾರೂ ಸುಳ್ಳು ಹೇಳಲ್ಲ.”

“ಕೋಟೆಯ ರೊಟ್ಟಿ ಒಲೆಗೆ ಒಂದು ಹೊಗೆಗೂಡಿದೆ. ದಿನಾ ಬೆಳಿಗ್ಗೆ ನಾನು ಪಾಳೆಯಕ್ಕೆ ಹೋಗಿ ದುರ್ಬೀನು ಹಿಡಿದು ಅದನ್ನೇ ನೋಡ್ತೀನಿ. ಒಂಬತ್ತು ದಿನದಿಂದ ಅದ್ರಲ್ಲಿ ಹೊಗೆ ಬಂದಿಲ್ಲ.”

ನನ್ನ ತಟ್ಟೆಯಲ್ಲಿದ್ದುದು ಹಾಗೆಯೇ ಉಳಿಯಿತು. ಒಂಬತ್ತು ದಿನ, ಲೆವಿನ್! ನಾನು ಕೋಸಿನ ಲೆಕ್ಕ ಬರೆದು ಕಳುಹಿಸಿ ಸುಮ್ಮನಿದ್ದೆ. ಇನ್ನಾದರೂ ನಿಜವನ್ನು ಬರೆ. ಶತ್ರುವಿಗೆ ಗೊತ್ತಿರುವುದು ಅಕ್ಕನಿಗೆ ಗೊತ್ತಿಲ್ಲದಿರುವುದು ನಾಚಿಕೆಗೇಡು.

ಸಿಡೋನಿಯ


ಆಲ್ವೆರ್ಡರ್ ಕೋಟೆ
೩ ನವೆಂಬರ್ ೧೭೬೦

ಪ್ರೀತಿಯ ಅಕ್ಕನಿಗೆ,

ನಿಜವನ್ನು ಬರೆಯುತ್ತೇನೆ. ಹಿಟ್ಟು ಅಕ್ಟೋಬರ್ ಹತ್ತೊಂಬತ್ತಕ್ಕೆ ಮುಗಿಯಿತು. ಅಂದಿನಿಂದ ನೆನೆಸಿದ ಬಟಾಣಿ, ಆಮೇಲೆ ಕುದುರೆಯ ಓಟ್ಸ್, ಆಮೇಲೆ ಕುದುರೆ. ನನ್ನ ಎಡಗೈಗೆ ಕಲ್ಲಿನ ಚೂರೊಂದು ಹೊಕ್ಕಿದೆ. ಬರೆಯುವುದು ಬಲಗೈಯಾದ್ದರಿಂದ ನಿನಗೆ ತಿಳಿಯಲಿಲ್ಲ. ಮೊನ್ನೆ ದಕ್ಷಿಣದ ಗೋಡೆ ಬಿದ್ದು, ಗಾಡಿ ಹೋಗುವಷ್ಟು ಅಗಲದ ಕಂಡಿಯಾಗಿದೆ.

ಕಂಡಿ ಬಿದ್ದ ಮೇಲೆ ಏನಾಗುವುದೆಂದು ಸೈನಿಕನ ಮಗಳಾದ ನಿನಗೆ ಹೇಳಬೇಕಾಗಿಲ್ಲ. ಒಪ್ಪಂದಕ್ಕೆ ಬಂದವನಿಗೆ ಗೌರವವುಂಟು. ಲಗ್ಗೆಯಲ್ಲಿ ಹಿಡಿದ ಕೋಟೆಯೊಳಗಿನವರಿಗೆ ಪ್ರಾಣಭಿಕ್ಷೆಯಿಲ್ಲ. ನೂರ ನಲವತ್ತರಲ್ಲಿ ಈಗ ನೂರ ಹದಿನೆಂಟು ಜನ ಉಳಿದಿದ್ದಾರೆ. ಮಾಟ್ಸ್ಕೆ ಬಂದು ನಿಂತು ಹೇಳಿದ: “ಮೇಜರ್ ಸಾಹೇಬ್ರೆ, ನಮ್ಮ ಮುಖ ನೋಡ್ಬೇಡಿ. ನಾವು ಹೆಂಗೂ ಸಾಯೋ ವಯಸ್ನೋರು. ನಿಮ್ಮ ಹೆಸ್ರು ನೋಡ್ಕೊಳಿ.” ಅವನು ಹಾಗೆ ಹೇಳದಿದ್ದರೆ ನಾನು ಬಹುಶಃ ಹೆಸರನ್ನೇ ನೋಡಿಕೊಳ್ಳುತ್ತಿದ್ದೆ. ಅವನು ಹೇಳಿದ ಮೇಲೆ ಸಾಧ್ಯವಾಗಲಿಲ್ಲ. ಮಾತುಕತೆಯ ನಗಾರಿಯನ್ನು ಬಾರಿಸಿದೆವು.

ಒಪ್ಪಂದ ಹೀಗಿದೆ. ಮಾರ್ಟಿನ್ ಹಬ್ಬದ ದಿನ, ಅಂದರೆ ಈ ತಿಂಗಳ ಹನ್ನೊಂದರ ಮಧ್ಯಾಹ್ನ ಹನ್ನೆರಡರವರೆಗೆ ಇಬ್ಬರೂ ಗುಂಡು ಹಾರಿಸುವುದಿಲ್ಲ. ನಾವು ಕಂಡಿಯನ್ನು ಮುಚ್ಚುವುದಿಲ್ಲ. ಅಷ್ಟರೊಳಗೆ ನಮ್ಮ ಅರಸರ ಸನ್ನದು ಪಡೆದ ಅಧಿಕಾರಿಯೊಬ್ಬನ ಕೈಕೆಳಗೆ, ಅರಸರಿಗೆ ಪ್ರಮಾಣಮಾಡಿದ ಸಶಸ್ತ್ರ ಪಡೆಯೊಂದು ಕೋಟೆಯ ಬಾಗಿಲಿನಿಂದ ಒಳಹೊಕ್ಕರೆ ಒಪ್ಪಂದ ರದ್ದು. ಇಲ್ಲದಿದ್ದರೆ ನಾನು ಬೀಗದಕೈಯನ್ನು ಒಪ್ಪಿಸಬೇಕು. ಪಡೆಯಲ್ಲಿ ಇಷ್ಟು ಜನ ಇರಬೇಕೆಂದು ಬರೆಯೋಣವೇ ಎಂದು ನಾನೇ ಕೇಳಿದೆ. ಕರ್ನಲರಿಗೆ ಅವಮಾನವಾದಂತೆ ತೋರಿತು. “ಛೆ, ಛೆ! ಒಬ್ಬ ಅರಸನ ಪಡೆನ ತಲೆ ಎಣಿಸಿ ಒಳಗ್ ಬಿಡೋಕೆ ನಾವೇನು ಕುರಿ ವ್ಯಾಪಾರಿಗಳೇನ್ರೀ ಮೇಜರ್? ನಾವಿಬ್ರೂ ಮನೆತನಸ್ಥರು” ಎಂದರು. ಸಂಖ್ಯೆಯನ್ನು ಬರೆಯಲಿಲ್ಲ.

ಬರೆದಿದ್ದರೂ ಒಂದೇ, ಬರೆಯದಿದ್ದರೂ ಒಂದೇ. ಷ್ಟೆಟ್ಟಿನ್‌ನ ಸೇನಾಪತಿಗಳಿಗೆ ದೂತನನ್ನು ಕಳುಹಿಸಲು ಕರ್ನಲರು ದಾರಿ ಬಿಟ್ಟರು. ಒಬ್ಬ ಸೈನಿಕನನ್ನೂ ಕೊಡಲಾಗದೆಂದು ಉತ್ತರ ಬಂದಿದೆ. ಸಮರ್ಥರಾದ ಅಧಿಕಾರಿಗಳೆಲ್ಲ ಓಡರ್ ನದಿಯ ಆಚೆ ಇದ್ದಾರೆ.

ಕ್ಲೆಂಪಿನ್‌ನಲ್ಲಿ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದ್ದೇನೆ, ಅಕ್ಕ. ಇಗರ್ಜಿಯಲ್ಲಿ ಇನ್ನು ಮುಂದೆ ಅವರು ದನಿಯನ್ನು ತಗ್ಗಿಸುವುದೂ ಇಲ್ಲ. ಕ್ಷಮಿಸು.

ಲೆವಿನ್


ಡಾರ್ಗೆಲೊ
೭ ನವೆಂಬರ್ ೧೭೬೦

ಲೆವಿನ್,

ಪತ್ರ ತಲುಪಿತು. ಕ್ಷಮೆಯ ಮಾತು ಬೇಡ.

ಹಬ್ಬಕ್ಕೆ ಹೆಬ್ಬಾತುಗಳು ಚೆನ್ನಾಗಿ ಕೊಬ್ಬಿವೆ. ಹತ್ತರ ಸಂಜೆ ಒಂದನ್ನು ಸೇಬು ತುಂಬಿ ಹುರಿಸಿ, ಕರ್ನಲರಿಗೂ ಅವರ ಅಧಿಕಾರಿಗಳಿಗೂ ಬಡಿಸುತ್ತೇನೆ. ಹನ್ನೊಂದರ ಬೆಳಿಗ್ಗೆ ಪ್ರಾರ್ಥನೆಗೆ ಹೋಗುವುದಿದೆ.

ಹನ್ನೆರಡು ಹೊಡೆಯುವವರೆಗೆ ಕತ್ತಿಯನ್ನು ಸೊಂಟದಿಂದ ಬಿಚ್ಚಬೇಡ.

ಸಿಡೋನಿಯ


ಆಲ್ವೆರ್ಡರ್ ಕೋಟೆ
೧೨ ನವೆಂಬರ್ ೧೭೬೦

ನನ್ನ ಅಕ್ಕ, ನನ್ನ ಒಬ್ಬಳೇ ಅಕ್ಕನಿಗೆ,

ಈ ಪತ್ರಕ್ಕೆ ಅರಗಿನ ಮೊಹರು ಹಾಕಿದ್ದೇನೆ! ಹಾವುಮೀನು ಹಿಡಿಯುವ ಕ್ರಿಶಾನ್ ಇದನ್ನು ಜೊಂಡಿನ ಒಳಗಿನಿಂದ ನಿನಗೆ ತಲುಪಿಸುತ್ತಾನೆ. ಇದನ್ನು ಮೊದಲು ಓದುವವಳು ನೀನೇ.

ನಿನ್ನ ಕೊನೆಯ ಪತ್ರ ಬಂದಾಗ ನಾನು ಅದನ್ನು ಒಲೆಗೆ ಎಸೆಯಲು ಹೋಗಿದ್ದೆ. ಒಲೆಯಲ್ಲಿ ಬೆಂಕಿಯಿರಲಿಲ್ಲವಾದ್ದರಿಂದ ಅದು ಉಳಿಯಿತು. ತಮ್ಮನ ಮಾನ ಹೋಗುವ ಹಿಂದಿನ ಸಂಜೆ ಹೆಬ್ಬಾತನ್ನು ಹುರಿದು ಶತ್ರುವಿಗೆ ಬಡಿಸುವ ಅಕ್ಕ! ಆ ದಿನ ನಾನು ನಿನ್ನ ವಿಷಯವಾಗಿ ಏನೇನು ಅಂದುಕೊಂಡೆನೋ ಅದನ್ನು ದೇವರೂ ಮರೆಯಲಿ.

ನೆನ್ನೆ ಬೆಳಿಗ್ಗೆ ನದಿಯ ಮೇಲೆ ಮಂಜು ಹಾಲಿನಂತೆ ದಟ್ಟವಾಗಿ ಕವಿದಿತ್ತು. ಹತ್ತು ಗಂಟೆಯ ಹೊತ್ತಿಗೆ ನನ್ನವರು ಗುಂಡಿಗಳನ್ನು ಒರೆಸಿಕೊಂಡು ಅಂಗಳದಲ್ಲಿ ಸಾಲುಗಟ್ಟಿದ್ದರು. ನಾನು ಬೀಗದಕೈಯನ್ನು ತಟ್ಟೆಯಲ್ಲಿಟ್ಟಿದ್ದೆ. ಕತ್ತಿಯನ್ನೂ ಬಿಚ್ಚಿ ಅದರ ಪಕ್ಕದಲ್ಲಿಡೋಣವೆಂದು ಪಟ್ಟಿಗೆ ಕೈಹಾಕಿದೆ. ನಿನ್ನ ಸಾಲು ನೆನಪಾಗಿ, ಸಿಟ್ಟಿನಿಂದಲೇ ಬಿಟ್ಟೆ. ಆಗ ಗೋಡೆಯ ಮೇಲಿನಿಂದ ಮಾಟ್ಸ್ಕೆ ಕೂಗಿದ.

“ಮೇಜರ್ ಸಾಹೇಬ್ರೆ! ಜೊಂಡಲ್ಲಿ ಯಾರೋ ಕೆಮ್ತವ್ರೆ!”

“ಸ್ವೀಡರ ಕಾವಲು ದೋಣಿ ಇರ್ಬೇಕು.”

“ಇಲ್ಲ ಬುದ್ದೀ. ಸ್ವೀಡರು ಹಿಂಗ್ ಕೆಮ್ಮಕಿಲ್ಲ. ಇದು ನಮ್ಮೂರ ಕೆಮ್ಮು.”

ಕೋಟೆಗಿರುವುದು ಒಂದೇ ಬಾಗಿಲು, ಅದೂ ನದಿಯ ಕಡೆಗೆ. ಸ್ವೀಡರ ದೋಣಿಗಳು ಕಾಯುತ್ತಿದ್ದುದು ತೆರೆದ ನೀರನ್ನು. ಜೊಂಡಿನೊಳಗೆ ದೋಣಿ ಹೋಗುವ ದಾರಿಗಳಿವೆ ಎಂಬುದು ಹಾವುಮೀನಿಗೂ ಅದನ್ನು ಹಿಡಿಯುವವರಿಗೂ ಮಾತ್ರ ಗೊತ್ತು. ಆ ದಾರಿಯಿಂದ, ಒಲೆಗೆ ಉರಿಸುವ ಜೌಗುಮಣ್ಣಿನ ಒಣ ಹೆಂಟೆಗಳನ್ನು ಸಾಗಿಸುವ ಚಪ್ಪಟೆ ದೋಣಿಗಳು ಒಂದರ ಹಿಂದೊಂದು ಆರು ಬಂದವು. ಮೊದಲ ದೋಣಿಯ ನಡುವೆ ತೋಳುಕುರ್ಚಿ. ಕುರ್ಚಿಯಲ್ಲಿ ಕಂಬಳಿ ಹೊದ್ದು, ಕಾಲುಗಳಿಗೆ ಉಣ್ಣೆ ಸುತ್ತಿಕೊಂಡು, ಮೈಮೇಲೆ ಹಳೆಯ ಹಳದಿ ಸಮವಸ್ತ್ರ ತೊಟ್ಟು ಕುಳಿತಿದ್ದವರು ನಮ್ಮ ನೆರೆಯ ಬಾಲ್ತಜಾರ್ ಫಾನ್ ಕ್ವಾಸೊ! ಎಪ್ಪತ್ತನಾಲ್ಕು ವರ್ಷದ ಮುದುಕರು, ಸಂಧಿವಾತದಿಂದ ಹಾಸಿಗೆ ಬಿಟ್ಟೇಳದವರು. ನಾನು ಕನಸೆಂದುಕೊಂಡೆ. ಆದರೂ ನಿಯಮ ನಿಯಮವೇ. ಬಾಗಿಲಿನ ಹಿಂದೆ ನಿಂತು ಯಾರದು ಎಂದು ಕೇಳಿಸಿದೆ.

“ಕ್ವಾಸೊ! ಅರಸರ ಹಳದಿ ಅಶ್ವದಳದ ನಾಯಕ! ಬೇಗ ಬಾಗ್ಲು ತೆಗೆಯೋ ಲೆವಿನ್, ಕಾಲು ಸಾಯ್ತಿದೆ!”

“ನಾಯಕರೇ, ನಿಮ್ಮ ಕುದುರೆ ಎಲ್ಲಿ?” ಎಂದು ಮಾಟ್ಸ್ಕೆ ಮೇಲಿನಿಂದ ಕೇಳಿಯೇಬಿಟ್ಟ.

“ಕುದುರೆ ಸತ್ತು ಎಂಟು ವರ್ಷ ಆಯ್ತಯ್ಯ. ಸನ್ನದು ಸತ್ತಿಲ್ಲ!”

ಕುರ್ಚಿಯ ಸಮೇತ ಅವರನ್ನು ಹೊತ್ತು ತಂದರು. ಹಿಂದೆ ಕಾಡುಗಾವಲಿನವರು, ಅಣೆಕಟ್ಟಿನ ಕಾವಲುಗಾರರು, ಇಗರ್ಜಿಯ ಗಂಟೆ ಹೊಡೆಯುವವನು. ಎಲ್ಲರ ಹೆಗಲಲ್ಲಿ ಬಂದೂಕು, ಎಲ್ಲರೂ ಜಿಲ್ಲಾ ಕಾವಲುಪಡೆಯ ಪಟ್ಟಿಯಲ್ಲಿ ಹೆಸರು ಬರೆಸಿ ಅರಸರಿಗೆ ಪ್ರಮಾಣಮಾಡಿದವರು. ನಾಯಕರನ್ನು ಸೇರಿಸಿ ಮೂವತ್ತೇಳು ಜನ. ಹೆಂಟೆಗಳ ಕೆಳಗೆ ಕರಿರೊಟ್ಟಿ, ಉಪ್ಪುಹಂದಿ, ನಿನ್ನ ಕೋಸಿನ ಪೀಪಾಯಿಗಳು. ನನ್ನ ಮುದುಕರು ಸಾಲನ್ನು ಮುರಿಯದೆಯೇ ಅತ್ತರು. ರೊಟ್ಟಿಯ ವಾಸನೆಗೆ ಅತ್ತರೋ, ಏನೋ.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಕರ್ನಲರು ನಗಾರಿ ಬಾರಿಸಿಕೊಂಡು ಕಂಡಿಯ ಎದುರಿಗೆ ಬಂದರು. ನಾನು ಕತ್ತಿ ಕಟ್ಟಿಕೊಂಡೇ ಹೊರಗೆ ಹೋಗಿ, ನೆರವಿನ ಪಡೆ ಬಂದಿದೆ, ಒಪ್ಪಂದ ರದ್ದಾಯಿತು ಎಂದೆ. ಅವರು ಒಳಗೆ ಬಂದು ನೋಡಿದರು.

“ಇದೇನಾ ಪಡೆ?”

ಅವರ ಜೊತೆಗಿದ್ದ ಯುವ ಅಧಿಕಾರಿ ಕೆಂಪಗಾದ. “ಮೋಸ, ಕರ್ನಲ್! ಇವ್ರೆಲ್ಲ ಮೊಲ ಹೊಡಿಯೋರು, ಗಂಟೆ ಹೊಡಿಯೋರು! ಈ ಮುದುಕನಿಗೆ ಎದ್ದು ನಿಲ್ಲೋಕೂ ಆಗಲ್ಲ!”

“ನಿಲ್ಲಬೇಕು ಅಂತ ನಿಮ್ಮ ಕಾಗದದಲ್ಲಿ ಬರೆದಿದೆಯೇನಪ್ಪ?” ಎಂದರು ಕ್ವಾಸೊ, ಎದೆಯ ಚೀಲದಿಂದ ಸನ್ನದನ್ನು ತೆಗೆದು ಕೊಡುತ್ತ.

ಕರ್ನಲರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮೊಹರನ್ನು ಬೆಳಕಿಗೆ ಹಿಡಿದರು. ಯುವಕ ಮತ್ತೆ ಬಾಯಿ ತೆರೆದಾಗ ಕೈಯೆತ್ತಿದರು.

“ಸುಮ್ನಿರು. ತಲೆ ಎಣಿಸೋದು ಬೇಡ ಅಂದೋನು ನಾನೇ.”

ಒಪ್ಪಂದವನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗಿತ್ತರು. ಟೋಪಿ ತೆಗೆದು ಕ್ವಾಸೊ ಅವರಿಗೆ ವಂದಿಸಿ ಹೊರಟರು. ಅವರು ಪಾಳೆಯ ಸೇರುವ ಮೊದಲೇ ನಾವು ಕಂಡಿಗೆ ಹೆಂಟೆಗಳನ್ನು ತುಂಬಲು ಆರಂಭಿಸಿದೆವು. ನೂರ ಹದಿನೆಂಟು ಮುದುಕರ ಜಯಘೋಷವನ್ನು ನೀನು ಕೇಳಿಸಿಕೊಳ್ಳಬೇಕಾಗಿತ್ತು. ನದಿಯ ಬಾತುಗಳೆಲ್ಲ ಒಮ್ಮೆಗೇ ಎದ್ದವು.

ಇದೆಲ್ಲ ನಿನ್ನ ಕೆಲಸವೆಂದು ಕೋಸಿನ ಪೀಪಾಯಿಗಳೇ ಸಾಕ್ಷಿ ಹೇಳಿದವು. ನೀನು ಪ್ರಾರ್ಥನೆಯಲ್ಲಿ ಕುಳಿತೇ ಒಂದು ಕೋಟೆಯನ್ನು ಗೆದ್ದೆ. ಹೇಗೆ ಮಾಡಿದೆ, ಬರೆ.

ಒಂದು ದೂರನ್ನೂ ಹೇಳಬೇಕು. ಎರಡನೆಯ ದೋಣಿಗೆ ಗಳ ಹಾಕುತ್ತಿದ್ದವನು ಯಾರು? ಎತ್ತರದ ಆಳು, ಮುಖದ ತುಂಬ ಶಾಲು, ಅಗಲ ಅಂಚಿನ ಟೋಪಿ. ನಾನು ಬಾಗಿಲಿಗೆ ಬಂದಾಗ ಎಲ್ಲರೂ ಟೋಪಿ ತೆಗೆದರು, ಅವನೊಬ್ಬ ತೆಗೆಯಲಿಲ್ಲ. ರೊಟ್ಟಿಯನ್ನು ಇಳಿಸಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಒಂದು ಮಾತೂ ಆಡದೆ ಮಂಜಿನೊಳಗೆ ತಿರುಗಿದ. ಮಾಟ್ಸ್ಕೆ, “ಏನ್ ಸೊಕ್ಕು ನೋಡಿ ಅವ್ನಿಗೆ! ಕೋಟೆ ಅಧಿಪತಿ ಎದುರಿಗೆ!” ಎಂದು ಹಲ್ಲು ಕಡಿದ. ಕ್ರಿಶಾನನನ್ನು ಕೇಳಿದರೆ ನಕ್ಕುಬಿಟ್ಟ, ಹೆಸರನ್ನು ಹೇಳಲಿಲ್ಲ. ನಮ್ಮ ಹಳ್ಳಿಯವನಾದರೆ ಸ್ವಲ್ಪ ಬುದ್ಧಿ ಹೇಳು.

ನಿನ್ನ
ಲೆವಿನ್


ಡಾರ್ಗೆಲೊ
೨೦ ನವೆಂಬರ್ ೧೭೬೦

ಪ್ರೀತಿಯ ತಮ್ಮ ಲೆವಿನ್‌ಗೆ, ಅಕ್ಕನ ಆಶೀರ್ವಾದಗಳು.

ಹದಿನೈದಕ್ಕೆ ನದಿಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತು. ಹದಿನೆಂಟಕ್ಕೆ ಸ್ವೀಡರು ಡೇರೆ ಕಿತ್ತರು. ನೀನು ಗೋಡೆಯ ಮೇಲಿನಿಂದ ಅವರ ಬೆನ್ನನ್ನು ನೋಡಿರುತ್ತೀಯೆ. ಅವರ ಮುಖವನ್ನು ನೋಡಿದವಳು ನಾನು. ಅರವತ್ತು ಕುದುರೆಗಳೂ ಅಂಗಳದಿಂದ ಹೊರಟವು. ಗೊಬ್ಬರ ಮಾತ್ರ ಉಳಿಯಿತು. ಬರುವ ವರ್ಷದ ಕೋಸಿಗೆ ಅದು ಅವರ ಕಾಣಿಕೆ.

ಹೇಗೆ ಮಾಡಿದೆನೆಂದು ಕೇಳಿದೆ. ನಿನ್ನ ಮೂರನೆಯ ತಾರೀಖಿನ ಪತ್ರದಲ್ಲಿ ಎರಡು ಸಂಗತಿಗಳು ಕಂಡವು: ಸಂಖ್ಯೆಯಿಲ್ಲ, ಆದರೆ ಸನ್ನದು ಬೇಕು. ಬಂದೂಕು ಹಿಡಿಯುವ ನಮ್ಮ ಜನರಿದ್ದರು. ಅಧಿಕಾರಿಯಿರಲಿಲ್ಲ. ಆಗ ಕ್ವಾಸೊ ನೆನಪಾದರು. ಹನ್ನೊಂದು ವರ್ಷಗಳಿಂದ ಆ ಮನುಷ್ಯ, ತಾನು ಕೇಳಿದ ಬಿಡುಗಡೆಗೆ ಅರಸರ ಕಚೇರಿಯಿಂದ ಉತ್ತರವೇ ಬಂದಿಲ್ಲವೆಂದು ಸಿಕ್ಕಿದವರಿಗೆಲ್ಲ ದೂರುತ್ತಿದ್ದರು. ನಾನು ಮಂಚದ ಪಕ್ಕದಲ್ಲಿ ಕುಳಿತು, “ಬಿಡುಗಡೆ ಬಂದಿಲ್ಲ ಅಂದ್ರೆ ನೀವಿನ್ನೂ ಕೆಲಸದಲ್ಲೇ ಇದೀರಿ” ಎಂದೆ. ಅವರು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡಿದರು. ಆಮೇಲೆ ಸೇವಕನಿಗೆ ಕೂಗಿದರು: “ಲೋ! ನನ್ನ ಹಳದಿ ಅಂಗಿ ತಾರೋ! ಹನ್ನೊಂದು ವರ್ಷ ರಜಾ ಹಾಕಿ ಮಲಗಿಬಿಟ್ಟಿದೀನಿ!” ಹತ್ತರ ರಾತ್ರಿ ಸ್ವೀಡರ ಅಧಿಕಾರಿಗಳೆಲ್ಲ ಹೆಬ್ಬಾತಿನ ಸುತ್ತ ಕುಳಿತಿದ್ದಾಗ, ಹಿತ್ತಲಿನಿಂದ ನಮ್ಮ ಪೀಪಾಯಿಗಳು ದೋಣಿಗಳಿಗೆ ಇಳಿದವು.

ಕರ್ನಲರು ಹೊರಡುವ ಮುನ್ನ ತಂದೆಯವರ ಕೋಣೆಯ ಬೀಗದಕೈಯನ್ನು ತಾವೇ ತಂದುಕೊಟ್ಟರು.

“ಅಮ್ಮಣ್ಣಿಯವ್ರೆ, ನಾನು ಬಂದ ದಿನವೇ ನಿಮ್ಮ ಮೇಸ್ತ್ರಿ ಹತ್ರ, ಪಾದ್ರಿಗಳ ಹತ್ರ, ನಮ್ಮ ವಿರುದ್ಧ ಏನೂ ಮಾಡಲ್ಲ ಅಂತ ಮಾತು ತಗೊಂಡೆ. ನಿಮ್ಮ ಹತ್ರ ತಗೊಳ್ಲಿಲ್ಲ. ಹೆಂಗಸರ ಹತ್ರ ಮಾತು ತಗೊಳ್ಳೋ ಪದ್ಧತಿ ನಮ್ಮ ಸೈನ್ಯದಲ್ಲಿಲ್ಲ.”

“ಕೇಳಿದ್ರೆ ಕೊಡ್ತಿದ್ದೆ, ಕರ್ನಲ್. ಕೊಟ್ಟಿದ್ರೆ ಉಳಿಸ್ಕೊಳ್ತಿದ್ದೆ. ನೀವು ಕೇಳ್ಲಿಲ್ಲ.”

“ಇನ್ಮೇಲೆ ಕೇಳ್ತೀನಿ” ಎಂದು ಕೈಗೆ ಮುತ್ತಿಟ್ಟರು. ಒಳ್ಳೆಯ ಮನುಷ್ಯ. ಹೆಬ್ಬಾತಿನ ಕಾಲನ್ನು ಎರಡನೆಯ ಸಲ ಬಡಿಸಿಕೊಂಡವರು ಅವರೊಬ್ಬರೇ.

ಷ್ಟೆಟ್ಟಿನ್‌ನಿಂದ ನಿನ್ನ ಹೆಸರಿಗೆ ಪತ್ರವೊಂದು ಈ ಮನೆಗೆ ಬಂದಿದೆ. ಒಡೆದು ಓದಿದೆ. ಆರು ವಾರ ನನ್ನ ಪತ್ರಗಳನ್ನೆಲ್ಲ ಇನ್ನೊಬ್ಬರು ಓದಿದ್ದಾರೆ. ನನಗೂ ಒಂದು ಸರದಿ ಬೇಡವೇ? ನಿನ್ನ ದಳವನ್ನು ನಿನಗೆ ಮರಳಿ ಕೊಟ್ಟಿದ್ದಾರೆ, ಲೆಫ್ಟಿನೆಂಟ್ ಕರ್ನಲ್ ಪದವಿಯೊಡನೆ. ಕ್ಲೆಂಪಿನ್ ಸೇತುವೆಯ ವಿಚಾರ ಮುಗಿಯಿತೆಂದು ಕೊನೆಯ ಸಾಲಿನಲ್ಲಿದೆ. ನನಗೆ ಅದು ಮೂರನೆಯ ತಾರೀಖಿನ ನಿನ್ನ ಪತ್ರವನ್ನು ಓದಿದಾಗಲೇ ಮುಗಿದಿತ್ತು. ಹೋದ ಭಾನುವಾರ ಇಗರ್ಜಿಯಲ್ಲಿ ನಮ್ಮ ಸಾಲಿನ ಮುಂದೆ ಎಲ್ಲರೂ ನಿಂತು ಮಾತಾಡಿಸಿದರು. ಒಬ್ಬರೂ ದನಿ ತಗ್ಗಿಸಲಿಲ್ಲ. ಪಾದ್ರಿಗಳು ಪ್ರಾರ್ಥನೆಯನ್ನು ಆರಂಭಿಸಲು ಗಂಟೆಯನ್ನು ತಾವೇ ಮೂರು ಸಲ ಹೊಡೆಯಬೇಕಾಯಿತು.

ಇನ್ನು ನಿನ್ನ ದೂರು. ಆ ದಿನ ಬೆಳಿಗ್ಗೆ ಗಳ ಹಾಕುವವರಲ್ಲಿ ಒಬ್ಬನಿಗೆ ಜ್ವರ ಬಂದಿತ್ತು. ಚಿಕ್ಕಂದಿನಲ್ಲಿ ನಿನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಆ ಜೊಂಡಿನಲ್ಲೆಲ್ಲ ಸುತ್ತಿಸಿದ ಒಬ್ಬರು ಅವನ ಬದಲಿಗೆ ಬಂದರು. ಐವತ್ತೆಂಟು ವಯಸ್ಸು, ಕೈಯ ಬೊಬ್ಬೆಗಳು ಇನ್ನೂ ಒಣಗಿಲ್ಲ. ಅವರಿಗೆ ಬುದ್ಧಿ ಹೇಳಲು ನನ್ನಿಂದಾಗದು. ಸಾರ್ಜೆಂಟ್ ಮಾಟ್ಸ್ಕೆಗೆ ಹೇಳು: ತಮ್ಮನ ಎದುರಿಗೆ ಟೋಪಿ ತೆಗೆಯುವ ವಾಡಿಕೆ ನಮ್ಮ ಮನೆಯ ಅಕ್ಕಂದಿರಿಗಿಲ್ಲ.

ಸಿಡೋನಿಯ ಫಾನ್ ಡಾರ್ಗೆಲೊ